ಎಷ್ಟು ಬೂದಿಯಾದರೆ ಅಪಾಯ? 2010ರ ಏಪ್ರಿಲ್ ಮತ್ತು ಯುರೋಪಿನ ಆಕಾಶ

2010ರ ಏಪ್ರಿಲ್ 14, ಬುಧವಾರ. ಐಸ್‌ಲ್ಯಾಂಡಿನ ದಕ್ಷಿಣದಲ್ಲಿ ಮಾರ್ಕರ್‌ಫ್ಲ್ಯೋಟ್ ಅಂತ ಒಂದು ನದಿ, ಅದಕ್ಕೊಂದು ಸೇತುವೆ. ಆ ದಿನ ಅಲ್ಲಿನ ರಸ್ತೆ ಕೆಲಸದವರು ಅಗೆಯುವ ಯಂತ್ರ ತಂದು, ಇಡೀ ದೇಶವನ್ನು ಸುತ್ತಿಬರುವ ತಮ್ಮ ಒಂದನೇ ನಂಬರಿನ ಹೆದ್ದಾರಿಯನ್ನು ತಾವೇ ಕಡಿದುಹಾಕಿದರು. ಮೇಲೆ ಬೆಟ್ಟದಲ್ಲಿ, ಹಿಮದ ಹೊದಿಕೆಯ ಅಡಿಯಲ್ಲಿ ಜ್ವಾಲಾಮುಖಿ ಬಾಯಿಬಿಟ್ಟಿತ್ತು. ಕರಗಿದ ನೀರು ಮಂಜುಗಡ್ಡೆಯ ಬಂಡೆಗಳನ್ನು ಹೊತ್ತುಕೊಂಡು ನುಗ್ಗಿ ಬರುತ್ತಿತ್ತು. ರಸ್ತೆಯಲ್ಲಿ ಕಂಡಿ ಬಿಟ್ಟರೆ ನೀರು ಅತ್ತ ಹರಿಯುತ್ತದೆ, ಸೇತುವೆಯ ಮೇಲಿನ ಒತ್ತಡ ಇಳಿಯುತ್ತದೆ. ಹಾಗೇ ಆಯಿತು, ಸೇತುವೆ ಉಳಿಯಿತು. ಅಷ್ಟರೊಳಗೆ ಸುಮಾರು 800 ಜನರನ್ನು ಮನೆ ಬಿಡಿಸಿ ಎತ್ತರದ ಜಾಗಗಳಿಗೆ ಕಳಿಸಿಯೂ ಆಗಿತ್ತು. ಪ್ರವಾಹಕ್ಕೆ ಒಬ್ಬರೂ ಬಲಿಯಾಗಲಿಲ್ಲ.

ಈ ಜ್ವಾಲಾಮುಖಿಯ ಬೂದಿ ಯುರೋಪಿನ ಬಹುಪಾಲು ವಿಮಾನಗಳನ್ನು ನೆಲಕ್ಕಿಳಿಸಿದ ಕಥೆಯನ್ನು ಎಲ್ಲರೂ ವಿಮಾನ ನಿಲ್ದಾಣದಿಂದ ಶುರುಮಾಡುತ್ತಾರೆ. ನಾನು ಸೇತುವೆಯಿಂದ ಶುರುಮಾಡಿದ್ದಕ್ಕೆ ಕಾರಣ ಇದೆ. ಆ ಕಣಿವೆಯ ಜನ ನೀರು ಬಂದರೆ ಏನು ಬಿಟ್ಟುಕೊಡಬೇಕು, ಏನು ಉಳಿಸಿಕೊಳ್ಳಬೇಕು ಅನ್ನುವ ಲೆಕ್ಕವನ್ನು ವರ್ಷಗಳ ಮೊದಲೇ ಹಾಕಿಟ್ಟಿದ್ದರು, ಊರವರಿಗೆ ತಾಲೀಮು ಕೊಟ್ಟಿದ್ದರು. ಅದೇ ಬೆಟ್ಟದ ಬೂದಿ ಮರುದಿನ ಯುರೋಪಿನ ಆಕಾಶಕ್ಕೆ ಬಂದಾಗ, ಅಲ್ಲಿ ಅಂಥ ಲೆಕ್ಕವನ್ನು ಯಾರೂ ಹಾಕಿರಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಬೆಟ್ಟದ ಹೆಸರು ಎಯ್ಯಾಫ್ಯಾತ್ಲಾಯೋಕುತ್ಲ್. ಒಮ್ಮೆ ಹೇಳಿದ್ದೇನೆ, ಇನ್ನು ಮುಂದೆ ‘ಆ ಬೆಟ್ಟ’ ಅನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎತ್ತರ ಸುಮಾರು 1,650 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಕಡಿಮೆ. ಐಸ್‌ಲ್ಯಾಂಡಿನ ಜ್ವಾಲಾಮುಖಿಗಳ ಪೈಕಿ ಇದು ದೊಡ್ಡದೇನೂ ಅಲ್ಲ. ಮಾರ್ಚ್ 20ರಂದೇ ಅದರ ಪಕ್ಕದ ಇಳಿಜಾರಿನಲ್ಲಿ ಬಿರುಕು ಬಿಟ್ಟು ಲಾವಾ ಚಿಮ್ಮತೊಡಗಿತ್ತು. ಅಲ್ಲಿ ಹಿಮದ ಹೊದಿಕೆ ಇರಲಿಲ್ಲ, ಬೂದಿಯೂ ಹೆಚ್ಚು ಏಳಲಿಲ್ಲ. ಜನ ಜೀಪು ಮಾಡಿಕೊಂಡು ಹೋಗಿ ನೋಡಿಬಂದರು. ಏಪ್ರಿಲ್ 14ರಂದು ಬಾಯಿ ತೆರೆದದ್ದು ನೆತ್ತಿಯಲ್ಲಿ, ಸುಮಾರು 200 ಮೀಟರ್ ದಪ್ಪದ ಹಿಮದ ಕೆಳಗೆ. ಈ ಸಲ ಬಂದ ಶಿಲಾರಸವೂ ಬೇರೆ ಥರದ್ದು. ಹೆಚ್ಚು ಅಂಟು, ಒಳಗೆ ಹೆಚ್ಚು ಅನಿಲ. ಕುದಿಯುವ ಶಿಲಾರಸಕ್ಕೆ ಹಿಮದ ನೀರು ತಾಗಿದರೆ ಅದು ಅಲ್ಲೇ ಸಿಡಿದು ನುಚ್ಚುನೂರಾಗುತ್ತದೆ. ಆ ನುಚ್ಚೇ ಬೂದಿ. ಎಂಟು ಒಂಬತ್ತು ಕಿಲೋಮೀಟರ್ ಎತ್ತರಕ್ಕೆ ಎದ್ದಿತು.

ಆ ವಾರ ಗಾಳಿ ವಾಯವ್ಯದಿಂದ ಬೀಸುತ್ತಿತ್ತು. ಹಾಗಾಗಿ ಬೂದಿ ನೇರವಾಗಿ ಬ್ರಿಟನ್, ನಾರ್ವೆ, ಡೆನ್ಮಾರ್ಕ್ ಕಡೆಗೆ ಹೊರಟಿತು. ಬೆಟ್ಟ ಇರುವ ಐಸ್‌ಲ್ಯಾಂಡಿನಲ್ಲೇ, ಪಶ್ಚಿಮದಲ್ಲಿರುವ ಕೆಫ್ಲಾವಿಕ್ ನಿಲ್ದಾಣ ಮೊದಲ ದಿನಗಳಲ್ಲಿ ತೆರೆದೇ ಇತ್ತು! ಸಾವಿರಾರು ಕಿಲೋಮೀಟರ್ ದೂರದ ಫ್ರಾಂಕ್‌ಫರ್ಟ್ ಮುಚ್ಚಿತ್ತು.

ಈಗ ಎಂಜಿನ್ನಿನ ವಿಚಾರಕ್ಕೆ ಬರೋಣ. ಇದು ನನ್ನ ಕಸುಬು. ಜೆಟ್ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸದಲ್ಲೇ ನನ್ನ ಆಯುಷ್ಯ ಕಳೆದಿದೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಜ್ವಾಲಾಮುಖಿಯ ಬೂದಿ ಸೌದೆ ಸುಟ್ಟು ಉಳಿದದ್ದಲ್ಲ. ಅದು ಕಲ್ಲಿನ ಪುಡಿ, ಗಾಜಿನ ಪುಡಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ಕಣವೂ ಒಡೆದ ಗಾಜಿನ ಚೂರು. ವಿಮಾನ ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಅದರೊಳಗೆ ನುಗ್ಗಿದರೆ ಮುಂದಿನ ಗಾಜು ಮರಳುಕಾಗದ ಹಾಕಿ ಉಜ್ಜಿದ ಹಾಗೆ ಮಬ್ಬಾಗುತ್ತದೆ. ಎಂಜಿನ್ನಿನೊಳಗೆ ಬಂದ ಗಾಳಿಯನ್ನು ಒತ್ತುವ ಭಾಗ ಕಂಪ್ರೆಸರ್, ಅದರ ಬ್ಲೇಡುಗಳ ಅಂಚು ಸವೆಯುತ್ತದೆ. ವೇಗ ಅಳೆಯುವ ಪಿಟೋ ಟ್ಯೂಬಿನ ಬಾಯಿ ಕಟ್ಟಿಕೊಳ್ಳುತ್ತದೆ. ಇಷ್ಟೇ ಆಗಿದ್ದರೆ ವಿಮಾನ ಹೇಗೋ ಇಳಿದುಬಿಡುತ್ತಿತ್ತು. ನಿಜವಾದ ತೊಂದರೆ ಎಂಜಿನ್ನಿನ ಒಳಗೆ, ಬೆಂಕಿ ಉರಿಯುವ ಜಾಗದಲ್ಲಿ. ಈ ಗಾಜಿನ ಪುಡಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಕರಗತೊಡಗುತ್ತದೆ. ಕಂಬಶ್ಚನ್ ಚೇಂಬರಿನ ಬಿಸಿ ಅದಕ್ಕಿಂತ ಎಷ್ಟೋ ಮೇಲೆ. ಒಳಗೆ ಹೋದ ಪುಡಿ ಕರಗಿ, ಹಿಂದಿರುವ ಟರ್ಬೈನಿನ ಕಡೆ ಹಾರಿ, ಅಲ್ಲಿನ ಮೊದಲ ಸಾಲಿನ ವೇನ್‌ಗಳ, ಅಂದರೆ ಬಿಸಿ ಗಾಳಿಗೆ ದಿಕ್ಕು ಕೊಡುವ ಅಲುಗಾಡದ ರೆಕ್ಕೆಗಳ, ಮೇಲೆ ಕೂತು ಗಟ್ಟಿಯಾಗುತ್ತದೆ. ಆ ವೇನ್‌ಗಳ ನಡುವಿನ ಸಂದು ಕಿರಿದು. ಸಂದು ಮುಚ್ಚುತ್ತಾ ಬಂದಂತೆ ಗಾಳಿಗೆ ದಾರಿ ಇಲ್ಲ, ಕಂಪ್ರೆಸರ್ ಉಬ್ಬಸಪಡುತ್ತದೆ, ಉರಿ ನಂದುತ್ತದೆ. ಒಂದು ಎಂಜಿನ್ನಿಗೆ ಆದದ್ದು ಎಲ್ಲಕ್ಕೂ ಆಗುತ್ತದೆ, ಯಾಕೆಂದರೆ ಎಲ್ಲವೂ ಅದೇ ಗಾಳಿ ಉಸಿರಾಡುತ್ತಿರುತ್ತವೆ. ನಾಲ್ಕು ಎಂಜಿನ್ ಇದ್ದರೂ ನಾಲ್ಕು ಪಟ್ಟು ಭದ್ರತೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

1982ರ ಜೂನ್ 24ರ ರಾತ್ರಿ ಇದು ನಡೆದೇ ಹೋಯಿತು. ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ. ಲಂಡನ್ನಿನಿಂದ ಮುಂಬೈ, ಕೌಲಾಲಂಪುರ, ಪರ್ತ್ ದಾರಿಯಲ್ಲಿ ಆಕ್ಲೆಂಡಿಗೆ ಹೋಗುವ ಸರ್ವೀಸು ಅದು. ಒಳಗೆ ಸಿಬ್ಬಂದಿ ಸೇರಿ 263 ಜನ. ಜಾವಾದ ದಕ್ಷಿಣಕ್ಕೆ, 37,000 ಅಡಿ ಎತ್ತರದಲ್ಲಿ, ಕಾಕ್‌ಪಿಟ್ ಗಾಜಿನ ಮೇಲೆ ನೀಲಿ ಕಿಡಿಗಳು ಓಡಾಡತೊಡಗಿದವು. ಕ್ಯಾಬಿನ್ನಿನಲ್ಲಿ ಗಂಧಕದ ವಾಸನೆಯ ಹೊಗೆ. ನೋಡನೋಡುತ್ತ ನಾಲ್ಕೂ ಎಂಜಿನ್ ನಿಂತವು. ಗಲುಂಗುಂಗ್ ಜ್ವಾಲಾಮುಖಿಯ ಬೂದಿ ಅದು. ಕತ್ತಲಲ್ಲಿ ಕಣ್ಣಿಗೆ ಕಾಣಲಿಲ್ಲ. ಹವಾಮಾನ ರೇಡಾರಿಗೂ ಕಾಣಲಿಲ್ಲ, ಅದು ಗುರುತಿಸುವುದು ನೀರಿನ ಹನಿಗಳನ್ನು, ಈ ಒಣ ಪುಡಿಯನ್ನಲ್ಲ. ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ವಿಷಯವನ್ನು ಮುಚ್ಚಿಡದೆ ಹೇಳಿದರು: ಒಂದು ಸಣ್ಣ ಸಮಸ್ಯೆ ಇದೆ, ನಾಲ್ಕೂ ಎಂಜಿನ್ ನಿಂತಿವೆ, ಮತ್ತೆ ಚಾಲೂ ಮಾಡಲು ಕೈಲಾದದ್ದೆಲ್ಲ ಮಾಡುತ್ತಿದ್ದೇವೆ ಅಂತ. ಆ ಸಮಾಧಾನಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ವಿಮಾನ ತೇಲುತ್ತ ತೇಲುತ್ತ 13,000 ಅಡಿಯ ಆಸುಪಾಸಿಗೆ ಇಳಿದಾಗ ಎಂಜಿನ್‌ಗಳು ಒಂದೊಂದಾಗಿ ಹೊತ್ತಿಕೊಂಡವು. ಹೇಗೆ? ಬೆಲ್ಲದ ಪಾಕವನ್ನು ತಟ್ಟೆಗೆ ಸುರಿದು ತಣ್ಣಗಾಗಲು ಬಿಟ್ಟರೆ ಅದು ಗಟ್ಟಿಯಾಗಿ, ತಟ್ಟೆ ಕುಟ್ಟಿದಾಗ ಚಕ್ಕೆಚಕ್ಕೆಯಾಗಿ ಏಳುತ್ತದಲ್ಲ, ಹಾಗೆ. ಎಂಜಿನ್ ನಿಂತು ತಣ್ಣಗಾದಾಗ ವೇನ್‌ಗಳಿಗೆ ಅಂಟಿದ್ದ ಗಾಜು ಬಿರಿದು ಉದುರಿತು, ಗಾಳಿಗೆ ದಾರಿಯಾಯಿತು. ಅಷ್ಟರಲ್ಲಿ ವಿಮಾನ ಬೂದಿಯ ಕೆಳಗೂ ಬಂದಿತ್ತು. ಮಬ್ಬಾದ ಗಾಜಿನ ಅಂಚಿನಲ್ಲಿ ಉಳಿದ ಒಂದು ಸಣ್ಣ ಪಟ್ಟಿಯಿಂದ ನೋಡಿಕೊಂಡು ಜಕಾರ್ತಾದಲ್ಲಿ ಇಳಿಸಿದರು. ಎಲ್ಲರೂ ಉಳಿದರು. ಮೂರು ವಾರದೊಳಗೆ ಇನ್ನೊಂದು 747 ಅದೇ ಗಲುಂಗುಂಗ್‌ನ ಬೂದಿಗೆ ಸಿಕ್ಕಿತು.

1989ರ ಡಿಸೆಂಬರ್ 15ರಂದು ಅಲಾಸ್ಕಾದಲ್ಲಿ ಮತ್ತೆ ಅದೇ. ರಿಡೌಟ್ ಜ್ವಾಲಾಮುಖಿ, ಡಚ್ ಕಂಪನಿ ಕೆಎಲ್‌ಎಂನ ಹೊಚ್ಚಹೊಸ 747, ನಾಲ್ಕೂ ಎಂಜಿನ್ ಬಂದ್, 245 ಜನ. ಹದಿನಾಲ್ಕು ಸಾವಿರ ಅಡಿ ಕುಸಿದ ಮೇಲೆ ಎಂಜಿನ್ ಹೊತ್ತಿಕೊಂಡವು. ಜೀವ ಉಳಿಯಿತು, ದುರಸ್ತಿಗೆ ಸುಮಾರು 8 ಕೋಟಿ ಡಾಲರ್ ಹಿಡಿಯಿತು.

ಇದಾದ ಮೇಲೆ ಜಗತ್ತು ಒಂದು ಒಳ್ಳೆಯ ಕೆಲಸ ಮಾಡಿತು. 1990ರ ದಶಕದಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಭೂಮಿಯ ಆಕಾಶವನ್ನು ಒಂಬತ್ತು ಜ್ವಾಲಾಮುಖಿ ಬೂದಿ ಸಲಹಾ ಕೇಂದ್ರಗಳಿಗೆ ಹಂಚಿತು. ಲಂಡನ್, ಟೂಲೂಸ್, ಡಾರ್ವಿನ್, ಟೋಕಿಯೊ, ಆಂಕರೇಜ್ ಹೀಗೆ. ಐಸ್‌ಲ್ಯಾಂಡ್ ಲಂಡನ್ ಕೇಂದ್ರದ ಪಾಲಿಗೆ ಬಂತು. ಹೆಸರಿಗೆ ಲಂಡನ್, ಕೆಲಸ ನಡೆಯುವುದು ಎಕ್ಸೆಟರ್‌ನಲ್ಲಿರುವ ಬ್ರಿಟನ್ನಿನ ಹವಾಮಾನ ಇಲಾಖೆಯಲ್ಲಿ. ಬೂದಿ ಎತ್ತ ಹೋಗುತ್ತದೆ ಎಂದು ಲೆಕ್ಕ ಹಾಕಲು ಅವರು ಬಳಸುವ ಕಂಪ್ಯೂಟರ್ ಮಾದರಿ ಹುಟ್ಟಿದ್ದು 1986ರ ಚೆರ್ನೋಬಿಲ್ ದುರಂತದ ಬಳಿಕ, ವಿಕಿರಣದ ಮೋಡವನ್ನು ಹಿಂಬಾಲಿಸಲಿಕ್ಕೆ.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆಗೆ ಉತ್ತರ ಇರಲಿಲ್ಲ. ಗಾಳಿಯಲ್ಲಿ ಎಷ್ಟು ಬೂದಿ ಇದ್ದರೆ ಹಾರಬಹುದು, ಎಷ್ಟಾದರೆ ಕೂಡದು? ನಿಯಮ ಒಂದೇ ಸಾಲಿನದು: ಬೂದಿ ಇದ್ದಲ್ಲಿ ಹೋಗಬೇಡಿ. ಅಲಾಸ್ಕಾದ, ಇಂಡೋನೇಷ್ಯಾದ ಆಕಾಶದಲ್ಲಿ ಆ ನಿಯಮ ಸಾಕಾಗಿತ್ತು. ಅಲ್ಲಿ ಜಾಗ ವಿಶಾಲ, ಬಳಸಿ ಹೋಗಬಹುದು. ಎಂಜಿನ್ ತಯಾರಕರು ಯಾರೂ ಒಂದು ಮಿತಿ ಘೋಷಿಸಿರಲಿಲ್ಲ. ಅಂಥ ಮಿತಿ ಬೇಕಾದರೆ ನಿಜವಾದ ಎಂಜಿನ್ನಿಗೆ ಬೂದಿ ತಿನ್ನಿಸಿ ನೋಡಬೇಕು. ಒಂದು ಎಂಜಿನ್ನಿಗೆ ಕೋಟಿಗಟ್ಟಲೆ ಬೆಲೆ. ಮಿತಿ ಗೊತ್ತುಮಾಡುವಷ್ಟರ ಮಟ್ಟಿಗೆ ಆ ಖರ್ಚನ್ನು ಯಾರೂ ಹೊರಲು ಮುಂದಾಗಲಿಲ್ಲ. 1982ರಿಂದ 2010ರವರೆಗೆ 28 ವರ್ಷ ಹೀಗೇ ಹೋಯಿತು. ನನ್ನ ವೃತ್ತಿಯವರೆಲ್ಲರಿಗೂ ಸೇರಿದ ಲೋಪ ಇದು ಅಂತ ನಾನು ತಿಳಿಯುತ್ತೇನೆ.

ಏಪ್ರಿಲ್ 15ರ ಮಧ್ಯಾಹ್ನಕ್ಕೆ ಬ್ರಿಟನ್ನಿನ ಆಕಾಶ ಮುಚ್ಚಿತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಆಮೇಲೆ ಜರ್ಮನಿ, ಪೋಲೆಂಡ್, ಫ್ರಾನ್ಸ್. ಭಾನುವಾರ ಯುರೋಪಿನಲ್ಲಿ 24 ಸಾವಿರದಷ್ಟು ವಿಮಾನ ಹಾರಬೇಕಿದ್ದ ಕಡೆ 5 ಸಾವಿರದಷ್ಟು ಹಾರಿದವು. ಆ ವಾರ ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ವಿಮಾನ ರದ್ದು, ಸುಮಾರು ಒಂದು ಕೋಟಿ ಪ್ರಯಾಣಿಕರು ಅತಂತ್ರ. ವಿಮಾನ ಸಂಸ್ಥೆಗಳ ಒಕ್ಕೂಟ ಹೇಳಿದ ನಷ್ಟ 170 ಕೋಟಿ ಡಾಲರ್. ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ ಪೋಲೆಂಡಿನ ಅಧ್ಯಕ್ಷ ಲೆಖ್ ಕಚಿನ್‌ಸ್ಕಿಯವರ ಅಂತ್ಯಸಂಸ್ಕಾರಕ್ಕೆ ಒಬಾಮಾ ಸೇರಿ ಹಲವು ದೇಶಗಳ ನಾಯಕರು ಹೋಗಲಾಗಲಿಲ್ಲ. ಬಾರ್ಸಿಲೋನಾದ ಫುಟ್ಬಾಲ್ ತಂಡ ಮಿಲಾನಿಗೆ ಬಸ್ಸಿನಲ್ಲಿ ಹೋಗಿ ಆಡಿತು.

ಶನಿವಾರದ ಹೊತ್ತಿಗೆ ವಿಮಾನ ಸಂಸ್ಥೆಗಳು ಸಿಟ್ಟಿಗೆದ್ದವು. ಕಂಪ್ಯೂಟರಿನ ನಕ್ಷೆ ನೋಡಿಕೊಂಡು ಇಡೀ ಖಂಡ ಮುಚ್ಚುತ್ತೀರಾ, ಆಕಾಶ ನೀಲಿಯಾಗಿದೆಯಲ್ಲ ಅಂದರು. ಕೆಎಲ್‌ಎಂ, ಲುಫ್ತಾನ್ಸಾ ಪ್ರಯಾಣಿಕರಿಲ್ಲದ ವಿಮಾನ ಹಾರಿಸಿ ನೋಡಿದವು. ಬ್ರಿಟಿಷ್ ಏರ್‌ವೇಸ್‌ನ ಮುಖ್ಯಸ್ಥ ವಿಲ್ಲಿ ವಾಲ್ಶ್ ತಾವೇ ಪರೀಕ್ಷಾ ಹಾರಾಟದಲ್ಲಿ ಕೂತರು. ಎಂಜಿನ್‌ಗಳಿಗೆ ಏನೂ ಆಗಿಲ್ಲ ಎಂದು ಹೇಳಿದರು. ಆದರೆ ಅದೇ ವಾರ ಫಿನ್ಲೆಂಡಿನ ವಾಯುಪಡೆ ತನ್ನ ಹಾರ್ನೆಟ್ ಯುದ್ಧವಿಮಾನಗಳ ಎಂಜಿನ್ನಿನ ಒಳಗಿನ ಚಿತ್ರಗಳನ್ನು ಹೊರಗಿಟ್ಟಿತು. ಎಂಜಿನ್ ಬಿಚ್ಚದೆ ಒಳಗೆ ಇಣುಕುವ ಬೋರೋಸ್ಕೋಪ್ ಎಂಬ ಕೊಳವೆ ಇಳಿಸಿ ತೆಗೆದ ಚಿತ್ರ, ಕರಗಿ ಅಂಟಿದ ಬೂದಿ ಸ್ಪಷ್ಟ. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಎರಡರ ನಡುವೆ ಗೆರೆ ಎಳೆಯಲು ಬೇಕಾದ ಸಂಖ್ಯೆ ಯಾರ ಕೈಯಲ್ಲೂ ಇರಲಿಲ್ಲ.

ಆ ಸಂಖ್ಯೆ ಬಂದದ್ದು ಐದು ದಿನಗಳ ಜಗ್ಗಾಟದ ನಂತರ. ಏಪ್ರಿಲ್ 20ರಂದು ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ, ಎಂಜಿನ್ ತಯಾರಕರ ಒಪ್ಪಿಗೆ ಪಡೆದು, ಒಂದು ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂ ಅನ್ನುವ ಮಿತಿ ಪ್ರಕಟಿಸಿತು. ಆ ರಾತ್ರಿಯೇ ಹೀಥ್ರೂದಲ್ಲಿ ವಿಮಾನಗಳು ಇಳಿದವು. ಮೇ ತಿಂಗಳಲ್ಲಿ ಅದರ ಮೇಲೆ 4 ಮಿಲಿಗ್ರಾಂ ತನಕ ಇನ್ನೊಂದು ಹಂತ ಸೇರಿತು.

2 ಮಿಲಿಗ್ರಾಂ ಅಂದರೆ ಎಷ್ಟು ಅಂತ ಇಲ್ಲಿ ಬೋರ್ಡಿನ ಮೇಲೆ ಬರೆದು ನೋಡೋಣ. ಒಂದು ಎಂಜಿನ್ನಿನ ಬೆಂಕಿಯ ಭಾಗಕ್ಕೆ ಸೆಕೆಂಡಿಗೆ 100 ಘನ ಮೀಟರ್ ಗಾಳಿ ಹೋಗುತ್ತದೆ ಅಂದುಕೊಳ್ಳಿ. ಸೆಕೆಂಡಿಗೆ 200 ಮಿಲಿಗ್ರಾಂ ಬೂದಿ ಆಯಿತು. ಗಂಟೆಗೆ 3,600 ಸೆಕೆಂಡು. 720 ಗ್ರಾಂ. ಕಣ್ಣಿಗೆ ನೀಲಿಯಾಗಿ ಕಾಣಬಹುದಾದ ಆಕಾಶದಲ್ಲಿ ಒಂದು ಗಂಟೆ ಹಾರಿದರೆ ಮುಕ್ಕಾಲು ಕೆಜಿಯಷ್ಟು ಗಾಜಿನ ಪುಡಿ! ಎಂಜಿನ್ ಅದನ್ನು ತಡೆದುಕೊಳ್ಳಬಹುದು, ಆದರೆ ಆಯುಷ್ಯ ಕಡಿಮೆಯಾಗುತ್ತದೆ. ಹಾಗಾಗಿ ಮಿತಿ ಅಂದರೆ ಕೆಳಗೆ ಕ್ಷೇಮ, ಮೇಲೆ ಸಾವು ಅಂತ ತಿಳಿಯಬೇಡಿ. ಎಷ್ಟು ಹೊತ್ತು, ಎಷ್ಟು ಸಲ, ಆಮೇಲೆ ಬಿಚ್ಚಿ ನೋಡಿದಿರಾ ಎಂಬುದೆಲ್ಲ ಅದರ ಜೊತೆ ಬರುತ್ತದೆ.

ಹಾಗಾದರೆ ಮುಚ್ಚಿದ್ದು ಅತಿಯಾಯಿತೇ? ಇಲ್ಲ ಅನ್ನುತ್ತೇನೆ ನಾನು. 2011ರಲ್ಲಿ ಐಸ್‌ಲ್ಯಾಂಡ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಆ ಬೂದಿಯನ್ನು ಪರೀಕ್ಷಿಸಿ, ಸ್ಫೋಟದ ಮೊದಲ ಹಂತದ ಕಣಗಳು ವಿಶೇಷವಾಗಿ ಚೂಪು, ಗಟ್ಟಿ, ಸಣ್ಣವು, ಅಧಿಕಾರಿಗಳ ಆತಂಕಕ್ಕೆ ಆಧಾರ ಇತ್ತು ಎಂದರು. ಗೊತ್ತಿಲ್ಲದಾಗ ನಿಲ್ಲಿಸುವುದು ಸರಿ. ಗೊತ್ತುಮಾಡಿಕೊಳ್ಳಲು 28 ವರ್ಷ ಇದ್ದೂ ಮಾಡಿಕೊಳ್ಳದೇ ಹೋದದ್ದು ತಪ್ಪು.

ಆ ತಪ್ಪಿಗೆ ಬೆಲೆ ತೆತ್ತವರು ಯಾರು ನೋಡಿ. ಕೀನ್ಯಾದ ನೈವಾಶಾ ಸರೋವರದ ಸುತ್ತ ಗುಲಾಬಿ ತೋಟಗಳಿವೆ. ಇವತ್ತು ಕೊಯ್ದ ಹೂ ನಾಳೆ ಆಮ್‌ಸ್ಟರ್‌ಡ್ಯಾಮಿನ ಹರಾಜಿಗೆ ಹೋಗಬೇಕು. ಆಗ ಅಲ್ಲಿನ ದೊಡ್ಡ ಬೆಳೆಗಾರರಲ್ಲಿ ನಮ್ಮ ಬೆಂಗಳೂರಿನ ಕರುತೂರಿ ಸಂಸ್ಥೆಯೂ ಒಂದು. ವಿಮಾನ ನಿಂತವು, ಶೀತಲಗೃಹ ತುಂಬಿದವು, ಹೂವನ್ನು ರಾಶಿ ಹಾಕಿ ಕೊಳೆಯಲು ಬಿಟ್ಟರು. ಸಾವಿರಾರು ಕೂಲಿಯವರನ್ನು ನಾಳೆಯಿಂದ ಬರಬೇಡಿ ಎಂದು ಮನೆಗೆ ಕಳಿಸಿದರು. ಬಹುಪಾಲು ಹೆಂಗಸರು, ದಿನಗೂಲಿ. ಅವರಲ್ಲಿ ಎಷ್ಟೋ ಜನ ವಿಮಾನವನ್ನು ಒಳಗಿನಿಂದ ನೋಡಿದವರೇ ಅಲ್ಲ. ಎಂಜಿನ್ ಪರೀಕ್ಷೆಗೆ ಹಣ ಹಾಕಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಇವರ ಹೆಸರು ಎಂದಾದರೂ ಬಂದೀತೇ?

ಇನ್ನೊಂದು ಗುಂಪು ನಮಗೆ ಇನ್ನೂ ಹತ್ತಿರದ್ದು. ಬೆಂಗಳೂರಿನಿಂದ ಆಗಲೇ ಲಂಡನ್, ಫ್ರಾಂಕ್‌ಫರ್ಟ್, ಪ್ಯಾರಿಸ್‌ಗೆ ನೇರ ವಿಮಾನಗಳಿದ್ದವು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಿಗಳು ಇಳಿದು ವಿಮಾನ ಬದಲಿಸುತ್ತಿದ್ದದ್ದು ಅಲ್ಲೇ. ಫ್ರಾಂಕ್‌ಫರ್ಟಿನಲ್ಲಿ ಹೀಗೆ ನಡುದಾರಿಯಲ್ಲಿ ಸಿಕ್ಕಿಬಿದ್ದವರಲ್ಲಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಇದ್ದವರು ಹೋಟೆಲಿಗೆ ಹೋದರು. ಇಲ್ಲದವರು ಟ್ರಾನ್ಸಿಟ್ ಜಾಗದಲ್ಲೇ ಮಡಚುವ ಮಂಚಗಳ ಮೇಲೆ ರಾತ್ರಿ ಕಳೆದರು. ಮೋಡ ಒಂದೇ, ಪಾಸ್‌ಪೋರ್ಟ್ ಬೇರೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಸೂಟ್‌ಕೇಸಿನಲ್ಲಿಟ್ಟು ಚೆಕ್-ಇನ್ ಮಾಡುವ ಅಭ್ಯಾಸ ನಮ್ಮ ಹಿರಿಯರಿಗೆ ಇದೆ. ದಯವಿಟ್ಟು ಬಿಡಿಸಿ. ಒಂದು ವಾರದ ಮಾತ್ರೆ ಕೈಚೀಲದಲ್ಲೇ ಇರಲಿ.

ಕಾನೂನಿನ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯುರೋಪಿನ ಒಕ್ಕೂಟದಲ್ಲಿ 261 ಎಂಬ ನಿಯಮ 2004ರಿಂದ ಇದೆ. ಪ್ರಕೃತಿ ವಿಕೋಪಕ್ಕೆ ಪರಿಹಾರಧನ ಕೊಡಬೇಕಿಲ್ಲ, ಆದರೆ ಸಿಕ್ಕಿಬಿದ್ದವರಿಗೆ ಊಟ, ವಸತಿ ಕೊಡಲೇಬೇಕು. ಈ ಬೂದಿಯಿಂದಾಗಿ ನಡೆದ ಮೊಕದ್ದಮೆಯಲ್ಲೇ 2013ರ ಜನವರಿಯಲ್ಲಿ ಯುರೋಪಿನ ಒಕ್ಕೂಟದ ನ್ಯಾಯಾಲಯ ಆ ಹೊಣೆಗೆ ಇಷ್ಟೇ ದಿನ, ಇಷ್ಟೇ ದುಡ್ಡು ಎಂಬ ಮಿತಿ ಇಲ್ಲ ಎಂದು ತೀರ್ಪಿತ್ತಿತು. ಒಕ್ಕೂಟದ ಯಾವುದೇ ನಿಲ್ದಾಣದಿಂದ ಹೊರಡುವ ಯಾವುದೇ ಕಂಪನಿಯ ವಿಮಾನಕ್ಕೆ ಇದು ಅನ್ವಯ. ಪ್ರಯಾಣಿಕರು ಯಾವ ದೇಶದವರು ಅಂತ ಕೇಳುವ ಹಾಗಿಲ್ಲ. ಬೆಂಗಳೂರಿಗೆ ಹೊರಟ ನಿಮ್ಮ ತಾಯಿಗೂ ಆ ಹಕ್ಕಿದೆ.

ಸ್ವಲ್ಪ ದಾರಿ ತಪ್ಪಿ ಒಂದು ಮಾತು. ಬೂದಿ ಅಷ್ಟು ದೂರ ಬರುತ್ತದಾ ಅಂತ ಹುಡುಗರು ಕೇಳುತ್ತಾರೆ. ಕರ್ನೂಲು ಸೀಮೆಯಲ್ಲಿ ಜ್ವಾಲಾಪುರಂ ಅಂತ ಊರಿದೆ. ಅಲ್ಲಿ ನೆಲ ಅಗೆದರೆ ಬಿಳಿ ಬೂದಿಯ ದಪ್ಪ ಪದರ ಸಿಗುತ್ತದೆ. ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದ ತೋಬಾ ಸಿಡಿದಾಗ ಬಂದು ಬಿದ್ದದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಜೊತೆಗಾರರು ಅಲ್ಲಿ ಉತ್ಖನನ ಮಾಡಿ, ಬೂದಿಯ ಕೆಳಗೂ ಮೇಲೂ ಕಲ್ಲಿನ ಉಪಕರಣಗಳನ್ನು ಕಂಡರು. ಅಷ್ಟು ಬೂದಿ ಬಿದ್ದ ಮೇಲೂ ಮನುಷ್ಯರು ಅಲ್ಲಿ ಬಾಳಿದ್ದರು. ಅವಕಾಶವಾದರೆ ನೋಡಿಬನ್ನಿ.

ಮತ್ತೆ ವಿಷಯಕ್ಕೆ. 2011ರ ಮೇ 21ರಂದು ಐಸ್‌ಲ್ಯಾಂಡಿನ ಗ್ರಿಮ್ಸ್‌ವೋಟ್ನ್ ಸಿಡಿಯಿತು. ಬೂದಿಯ ಕಂಬ 20 ಕಿಲೋಮೀಟರ್ ಎತ್ತರ ಹೋಯಿತು, ಹಿಂದಿನ ವರ್ಷಕ್ಕಿಂತ ಎಷ್ಟೋ ದೊಡ್ಡ ಸ್ಫೋಟ. ರದ್ದಾದ ವಿಮಾನ ಸುಮಾರು 900 ಮಾತ್ರ! ಗಾಳಿಯ ದಿಕ್ಕು, ಬೇಗ ಕೆಳಗೆ ಬಿದ್ದ ದಪ್ಪ ಕಣಗಳು, ಇವೂ ಕಾರಣ. ಆದರೆ ದಟ್ಟಣೆಯನ್ನು ಹಂತಹಂತವಾಗಿ ವಿಂಗಡಿಸುವ ನಕ್ಷೆ ಆಗ ಕೈಯಲ್ಲಿತ್ತು. ವಿಮಾನ ಸಂಸ್ಥೆಗಳು ತಮ್ಮ ಅಪಾಯದ ಲೆಕ್ಕವನ್ನು ಮೊದಲೇ ಬರೆದುಕೊಟ್ಟು ಒಪ್ಪಿಗೆ ಪಡೆಯುವ ಪದ್ಧತಿಯೂ ಬಂದಿತ್ತು.

ನಮ್ಮ ಸರದಿ ಬಂದದ್ದು 2025ರ ನವೆಂಬರ್‌ನಲ್ಲಿ. ಇಥಿಯೋಪಿಯಾದ ಅಫಾರ್ ಪ್ರದೇಶದ ಹಾಯ್ಲಿ ಗುಬ್ಬಿ ಜ್ವಾಲಾಮುಖಿ 23ರಂದು ಸಿಡಿದು ಬೂದಿ ಸುಮಾರು 14 ಕಿಲೋಮೀಟರ್ ಎತ್ತರಕ್ಕೆ ಎದ್ದಿತು. ಕೆಂಪು ಸಮುದ್ರ, ಯೆಮನ್, ಓಮನ್ ದಾಟಿ ಮರುದಿನ ಗುಜರಾತ್, ರಾಜಸ್ಥಾನದ ಮೇಲೆ ಬಂತು, ರಾತ್ರಿಗೆ ದೆಹಲಿ. ಕಣ್ಣೂರಿನಿಂದ ಅಬುಧಾಬಿಗೆ ಹೊರಟಿದ್ದ ವಿಮಾನವೊಂದು ಅಹಮದಾಬಾದಿನಲ್ಲಿ ಇಳಿಯಿತು. ಕಣ್ಣೂರು ನಿಲ್ದಾಣ ವಿರಾಜಪೇಟೆಯವರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ ಎಂಬುದು ನಿಮಗೆ ಗೊತ್ತು. ಈ ಸಲ ಯಾರೂ ಆಕಾಶ ಮುಚ್ಚಲಿಲ್ಲ. ಬೂದಿ ಇರುವ ಎತ್ತರ, ಜಾಗ ತಪ್ಪಿಸಿ ಹೋಗಿ, ಎಂಜಿನ್ನಿನಲ್ಲಿ ಏರುಪೇರು ಕಂಡರೆ, ಕ್ಯಾಬಿನ್ನಿನಲ್ಲಿ ಹೊಗೆ, ವಾಸನೆ ಬಂದರೆ ಕೂಡಲೇ ತಿಳಿಸಿ ಎಂದು ನಮ್ಮ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ಸೂಚಿಸಿತು. ಆ ಭಾಗದಲ್ಲಿ ಆಗಲೇ ಹಾರಿಬಂದಿದ್ದ ವಿಮಾನಗಳನ್ನು ಏರ್ ಇಂಡಿಯಾ ನಿಲ್ಲಿಸಿ ತಪಾಸಣೆ ಮಾಡಿತು, ಅದಕ್ಕಾಗಿ ಕೆಲವು ಹಾರಾಟ ರದ್ದಾದವು. ಒಂದೆರಡು ದಿನದಲ್ಲಿ ಮೋಡ ಚೀನಾದ ಕಡೆ ಸಾಗಿತು.

ನಮ್ಮ ದೇಶದಲ್ಲಿ ಬೂದಿ ಸಲಹಾ ಕೇಂದ್ರ ಇಲ್ಲ. ಹಾಯ್ಲಿ ಗುಬ್ಬಿಯ ಬೂದಿಯನ್ನು ಹಿಂಬಾಲಿಸಿ ನಕ್ಷೆ ಕೊಟ್ಟದ್ದು ಫ್ರಾನ್ಸಿನ ಟೂಲೂಸ್. ಅಂಡಮಾನಿನ ಬ್ಯಾರೆನ್ ದ್ವೀಪದ ಜ್ವಾಲಾಮುಖಿ ಹೊಗೆಯಾಡಿದರೆ ಅದನ್ನು ನೋಡಿಕೊಳ್ಳುವುದು ಆಸ್ಟ್ರೇಲಿಯಾದ ಡಾರ್ವಿನ್. ಅವರ ಸಲಹೆಯನ್ನು ಪೈಲಟ್‌ಗಳಿಗೆ ತಲುಪುವ ಸಿಗ್ಮೆಟ್ ಎಚ್ಚರಿಕೆಯಾಗಿ ಹೊರಡಿಸುವುದು ನಮ್ಮ ಹವಾಮಾನ ಇಲಾಖೆಯ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಕಚೇರಿಗಳು. ಇಲ್ಲಿ ಏರೋನಾಟಿಕ್ಸ್ ಓದುತ್ತಿರುವವರು ತುಂಬ ಜನ ಕೂತಿದ್ದೀರಿ. ಎಂಜಿನ್ನಿಗೆ ಬೂದಿ ತಿನ್ನಿಸಿ ನೋಡುವ ಕೆಲಸ ಇನ್ನೂ ಮುಗಿದಿಲ್ಲ. ಬೆಟ್ಟದಿಂದ ಬೆಟ್ಟಕ್ಕೆ ಬೂದಿಯ ಗುಣ ಬೇರೆ, ಕರಗುವ ಬಿಸಿ ಬೇರೆ. ಹೊಸ ಎಂಜಿನ್‌ಗಳು ಹಳೆಯವಕ್ಕಿಂತ ಹೆಚ್ಚು ಬಿಸಿಯಲ್ಲಿ ಓಡುತ್ತವೆ, ಅವುಗಳ ಬ್ಲೇಡಿನಲ್ಲಿ ತಂಪುಗಾಳಿ ಹೊರಡುವ ರಂಧ್ರಗಳು ಸೂಜಿಮೊನೆಯಷ್ಟು. ಆ ರಂಧ್ರಗಳು ಬೂದಿಗೆ ಎಷ್ಟು ಹೊತ್ತು ತಡೆಯುತ್ತವೆ ಎಂಬುದನ್ನು ನಿಮ್ಮಲ್ಲಿ ಯಾರಾದರೂ ಕೈಗೆತ್ತಿಕೊಳ್ಳಬೇಕು. ಮುಂದಿನ ಬೆಟ್ಟ ಸಿಡಿಯುವ ಮೊದಲೇ ಕೈಗೆತ್ತಿಕೊಳ್ಳಿ.